ಹ್ಯಾಂಡಿ ಸೆಟ್ಟು ಎಷ್ಟು ದೂರ ಹೋಗುತ್ತದೆ?

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ವಿಷಯದ ಜೊತೆಗೇ ಸೇರಿಸಲಾಗಿದೆ.)

ಮಾನ್ಯರೇ,

ಹವ್ಯಾಸಿ ರೇಡಿಯೊದ ಹ್ಯಾಂಡಿ ಸೆಟ್ಟೊಂದನ್ನು, ಅಂದರೆ ಕೈಯಲ್ಲಿ ಹಿಡಿದು ಮಾತಾಡುವ ವಾಕಿಟಾಕಿಯಂಥ ರೇಡಿಯೊವನ್ನು, ಮೇಜಿನ ಮೇಲಿಟ್ಟರೆ, ನೋಡಿದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: 'ಇದು ಎಷ್ಟು ಕಿಲೋಮೀಟರ್ ಹೋಗುತ್ತದೆ?' ಮಾರುವವರು ಹಿಂದೆಮುಂದೆ ನೋಡದೆ ಐದು, ಹತ್ತು, ಇಪ್ಪತ್ತು ಎಂದು ಯಾವುದೋ ಒಂದು ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿಬಿಡುತ್ತಾರೆ. ಹ್ಯಾಮ್‌ಗಳಾದ, ಅಂದರೆ ಹವ್ಯಾಸಿ ರೇಡಿಯೊ ಬಳಸುವವರಾದ, ನಾವು ಮಾತ್ರ ನೇರ ಉತ್ತರ ಕೊಡದೆ, 'ನೀವು ಎಲ್ಲಿ ನಿಂತಿರುತ್ತೀರಿ, ಕೇಳುವವರು ಎಲ್ಲಿರುತ್ತಾರೆ?' ಎಂದು ಮರುಪ್ರಶ್ನೆ ಹಾಕುತ್ತೇವೆ. ಕೇಳಿದವರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕಾಣುವುದು ಸಹಜ. ಆ ಮರುಪ್ರಶ್ನೆಯನ್ನು ಕೇಳದೆ ಉತ್ತರ ಕೊಡಲು ಏಕೆ ಸಾಧ್ಯವಿಲ್ಲ ಎಂಬುದನ್ನು ಇವತ್ತು ವಿವರಿಸಲು ಯತ್ನಿಸುತ್ತೇನೆ. ಈ ಪುಟ್ಟ ಸೆಟ್ಟು ತಲುಪುವ ದೂರವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರ ಹೊರಗಿನ ಸಂಗತಿಗಳು: ನಿಂತ ನೆಲದ ಎತ್ತರ, ಆಂಟೆನಾ, ನಡುವೆ ಬರುವ ಗುಡ್ಡ, ಮತ್ತು ಬೇರೆ ಯಾರೋ ಕಟ್ಟಿ ಕಾಪಾಡಿಕೊಂಡು ಬಂದಿರುವ ರಿಪೀಟರ್ ಎಂಬ ಮರುಪ್ರಸಾರ ಯಂತ್ರ. ಕೊಳ್ಳುವ ಮೊದಲೇ ಇದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ನಿರಾಶೆಯೂ ತಪ್ಪುತ್ತದೆ.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮುಂದೆ ಮೊಟೊರೋಲಾ ಎಂದು ಹೆಸರಾದ ಅಮೆರಿಕದ ಗ್ಯಾಲ್ವಿನ್ ಕಂಪನಿ ತನ್ನ ಸೈನ್ಯಕ್ಕಾಗಿ ಎಸ್‌ಸಿಆರ್-536 ಎಂಬ ಸೆಟ್ಟನ್ನು ತಯಾರಿಸಿತು. ಗಾಜಿನ ಕೊಳವೆಯಂಥ ವಾಲ್ವುಗಳಿಂದ ನಡೆಯುತ್ತಿದ್ದ ಅದು ಎರಡು ಕಿಲೋಗ್ರಾಂಗೂ ಹೆಚ್ಚು ತೂಗುತ್ತಿತ್ತು. ಆದರೂ ಪ್ರೇಷಕ (ಕಳಿಸುವ ಭಾಗ), ಗ್ರಾಹಕ (ಕೇಳಿಸಿಕೊಳ್ಳುವ ಭಾಗ), ಬ್ಯಾಟರಿ, ಮೈಕು ಎಲ್ಲವನ್ನೂ ಒಂದೇ ಕವಚದಲ್ಲಿ ಅಡಗಿಸಿ ಒಂದು ಕೈಯಲ್ಲಿ ಹಿಡಿಯುವಂತೆ ಮಾಡಿದ ಮೊದಲಿಗರ ಸಾಲಿಗೆ ಅದು ಸೇರುತ್ತದೆ. ಇಂದಿನ ಸೆಟ್ಟುಗಳಲ್ಲಿ ಆ ಕೆಲಸದ ಬಹುಭಾಗವನ್ನು ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಒಂದೇ ಎಲೆಕ್ಟ್ರಾನಿಕ್ ಚಿಪ್ಪು ಮಾಡುತ್ತದೆ. 2012ರ ಸುಮಾರಿಗೆ ಮಾರುಕಟ್ಟೆಗೆ ಬಂದ ಬಾವೊಫೆಂಗ್ ಯುವಿ-5ಆರ್ ಇಂಥ ಸೆಟ್ಟುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು. ಎರಡು ಬ್ಯಾಂಡುಗಳು (ಫ್ರೀಕ್ವೆನ್ಸಿಗಳ ಪಟ್ಟಿಗಳು), ನಾಲ್ಕೈದು ವ್ಯಾಟ್ ಶಕ್ತಿ, 7.4 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ, 128 ನೆನಪಿನ ಚಾನೆಲ್‌ಗಳು, ಇವಿಷ್ಟನ್ನೂ ಅದು ಹಿಂದೆಂದೂ ಕಾಣದ ಅಗ್ಗದ ಬೆಲೆಗೆ ಕೊಟ್ಟಿತು. ಜಪಾನಿನ ಯಾಯ್ಸು, ಐಕಾಮ್, ಕೆನ್‌ವುಡ್ ಕಂಪನಿಗಳ ಸೆಟ್ಟುಗಳು ಇದಕ್ಕಿಂತ ಹಲವು ಪಟ್ಟು ದುಬಾರಿ. ಹಾಗಿದ್ದೂ ಅವುಗಳ ಶಕ್ತಿಯೂ ಐದು ವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ ಹವ್ಯಾಸಿಗಳಿಗೆ ಮೀಸಲಾದ ಬ್ಯಾಂಡುಗಳ ಪೈಕಿ ಈ ಸೆಟ್ಟುಗಳಿಗೆ ಸಂಬಂಧಿಸಿದವು ಎರಡು. ಒಂದು 144ರಿಂದ 146 ಮೆಗಾಹರ್ಟ್ಸ್ ವರೆಗಿನದು. ತರಂಗದೂರ ಎರಡು ಮೀಟರ್ ಇರುವುದರಿಂದ ಇದನ್ನು 'ಟೂ ಮೀಟರ್' ಎಂದೇ ಕರೆಯುತ್ತೇವೆ. ಇನ್ನೊಂದು 434ರಿಂದ 438 ಮೆಗಾಹರ್ಟ್ಸ್ ವರೆಗಿನ ಎಪ್ಪತ್ತು ಸೆಂಟಿಮೀಟರ್ ಬ್ಯಾಂಡು. ದೇಶದೇಶಗಳ ನಡುವೆ ಮಾತಾಡಲು ಬಳಕೆಯಾಗುವ ಶಾರ್ಟ್‌ವೇವ್ ತರಂಗಗಳು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಮತ್ತೆ ಭೂಮಿಗೆ ಬಾಗುತ್ತವೆ. ನಮ್ಮ ಹ್ಯಾಂಡಿ ಸೆಟ್ಟಿನ ತರಂಗಗಳು ಸಾಮಾನ್ಯವಾಗಿ ಹಾಗೆ ಬಾಗುವುದಿಲ್ಲ. ಹೆಚ್ಚುಕಡಿಮೆ ನೇರವಾಗಿ ಸಾಗಿ, ದಿಗಂತ ದಾಟಿದ ಮೇಲೆ ಆಕಾಶಕ್ಕೆ ಹೊರಟುಹೋಗುತ್ತವೆ. ಆದ್ದರಿಂದ ಇಲ್ಲಿ ದೂರದ ಲೆಕ್ಕವೆಂದರೆ ಮೂಲತಃ ದಿಗಂತದ ಲೆಕ್ಕ.

ಆ ಲೆಕ್ಕ ಬಹಳ ಸರಳ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರುಗಳಲ್ಲಿ ಸಿಗುತ್ತದೆ. ವಾತಾವರಣ ತರಂಗಗಳನ್ನು ತುಸು ಕೆಳಕ್ಕೆ ಬಾಗಿಸುವುದರಿಂದ ಇದು ಕಣ್ಣಿಗೆ ಕಾಣುವ ದಿಗಂತಕ್ಕಿಂತ ಸ್ವಲ್ಪ ದೂರದಲ್ಲಿರುತ್ತದೆ. ಬಯಲಿನಲ್ಲಿ ನಿಂತು ಸೆಟ್ಟನ್ನು ಮುಖದ ಬಳಿ ಹಿಡಿದವನ ಆಂಟೆನಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅವನ ದಿಗಂತ ಐದು ಕಿಲೋಮೀಟರ್. ಎದುರಿನವನದೂ ಅಷ್ಟೇ ಆದರೆ ಇಬ್ಬರದೂ ಸೇರಿ ಹತ್ತು. ಗಿಡಮರ, ಮನೆಮಠ ಏನೂ ಇಲ್ಲದ ಸಮತಟ್ಟು ನೆಲದಲ್ಲಿ ಕಾಗದದ ಮೇಲೆ ಬರುವ ಲೆಕ್ಕ ಇದು. ಊರೊಳಗೆ ಕಾಂಕ್ರೀಟು ಗೋಡೆಗಳ ನಡುವೆ ಎರಡು ಕಿಲೋಮೀಟರು ಸಿಕ್ಕರೂ ತೃಪ್ತಿಪಡಬೇಕು.

ಅದೇ ಮನುಷ್ಯ ಅದೇ ಸೆಟ್ಟನ್ನು ಹಿಡಿದು ನಂದಿಬೆಟ್ಟಕ್ಕೆ ಹೋಗಲಿ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ಬಯಲು ಸುಮಾರು 900 ಮೀಟರ್. ಬಯಲಿಗಿಂತ ಐನೂರೈವತ್ತು ಮೀಟರ್ ಮೇಲೆ ಎಂದು ಹಿಡಿದರೂ ದಿಗಂತ ತೊಂಬತ್ತು ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನ ಮಹಡಿಯೊಂದರ ಮೇಲೆ ಆಂಟೆನಾ ಇಟ್ಟುಕೊಂಡ ಗೆಳೆಯರು ಆ ವ್ಯಾಪ್ತಿಯ ಒಳಗೇ ಇರುತ್ತಾರೆ. ಬ್ಯಾಟರಿ ಅದೇ, ಶಕ್ತಿ ಅದೇ, ಸೆಟ್ಟು ಅದೇ. ಓಣಿಯಲ್ಲಿ ಹಿಡಿದ ಲಾಟೀನನ್ನು ಗುಡ್ಡದ ಮೇಲಿಟ್ಟಂತೆ, ಸ್ಥಳವೊಂದು ಬದಲಾದದ್ದರಿಂದಲೇ ಹತ್ತಾರು ಪಟ್ಟು ವ್ಯತ್ಯಾಸವಾಯಿತು. ರಜೆಯ ದಿನಗಳಲ್ಲಿ ಹ್ಯಾಮ್‌ಗಳು ಬೆಟ್ಟ ಹತ್ತುವುದು ಪ್ರಕೃತಿಪ್ರೇಮ ಒಂದರಿಂದಲೇ ಎಂದು ತಿಳಿಯಬಾರದು.

ಇದರ ಇನ್ನೊಂದು ಮುಖವನ್ನು ಮಲೆನಾಡಿನವರು ಚೆನ್ನಾಗಿ ಬಲ್ಲರು. ಕಣಿವೆಯ ಆಚೆಈಚೆ ಇರುವ ಎರಡು ತೋಟದ ಮನೆಗಳ ನಡುವೆ ಕಾಗೆ ಹಾರಿದ ದೂರ ಎರಡೇ ಕಿಲೋಮೀಟರ್ ಇರಬಹುದು, ಆದರೆ ನಡುವೆ ಒಂದು ಗುಡ್ಡದ ದಿಣ್ಣೆ ಅಡ್ಡ ಬಂದರೆ ಐದು ವ್ಯಾಟ್ ಅಲ್ಲ, ಐವತ್ತು ವ್ಯಾಟ್ ಹಾಕಿದರೂ ಮಾತು ಕೇಳಿಸದೆ ಹೋಗಬಹುದು. ಮಳೆಗಾಲದಲ್ಲಿ ನೆನೆದ ಎಲೆಗಳು ತರಂಗವನ್ನು ಹೀರುತ್ತವೆ. ಈ ತೊಂದರೆ ಎಪ್ಪತ್ತು ಸೆಂಟಿಮೀಟರ್ ಬ್ಯಾಂಡಿನಲ್ಲಿ ಟೂ ಮೀಟರಿಗಿಂತ ಹೆಚ್ಚು. ಕಟ್ಟಡಗಳ ನಡುವೆ ಮಾತ್ರ ಕೆಲವೊಮ್ಮೆ ಇದು ತಿರುವುಮುರುವಾಗುತ್ತದೆ: ತರಂಗದೂರ ಕಡಿಮೆ ಇರುವುದರಿಂದ ಎಪ್ಪತ್ತು ಸೆಂಟಿಮೀಟರ್ ತರಂಗಗಳು ಕಿಟಕಿಬಾಗಿಲುಗಳ ಸಂದಿಯಲ್ಲಿ ನುಸುಳಿ, ಗೋಡೆಗಳಿಗೆ ತಾಗಿ ಪುಟಿದು, ಹೇಗೋ ದಾರಿ ಮಾಡಿಕೊಳ್ಳುತ್ತವೆ. ಹೀಗಾಗಿ ಮಲೆನಾಡಿಗೆ ಒಂದು ಬ್ಯಾಂಡು, ನಗರಕ್ಕೆ ಇನ್ನೊಂದು ಎಂಬ ಒರಟು ಸೂತ್ರವನ್ನು ಅನುಭವಿಗಳು ಹೇಳುತ್ತಾರೆ. ಸೂತ್ರ ಒರಟೇ, ಆದರೆ ಸುಳ್ಳಲ್ಲ.

ಗುಡ್ಡವೊಂದು ಅಡ್ಡ ಬಂದರೆ ಎರಡು ಕಿಲೋಮೀಟರ್ ದಾಟಲಾಗದ ಈ ಸೆಟ್ಟು ನಾನೂರು ಕಿಲೋಮೀಟರ್ ದೂರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ತಲುಪಬಲ್ಲದು ಎಂದರೆ ಕೆಲವರು ನಂಬುವುದಿಲ್ಲ. ಕಾರಣ ಸ್ಪಷ್ಟ: ನಿಲ್ದಾಣ ತಲೆಯ ಮೇಲೆ ಬಂದಾಗ ನಡುವೆ ಅಡ್ಡಿಯೇ ಇಲ್ಲ. ನಿಲ್ದಾಣದಲ್ಲಿ ಹವ್ಯಾಸಿಗಳಿಗಾಗಿಯೇ ಒಂದು ರಿಪೀಟರ್ ಇದೆ. ಅದು ಚಾಲನೆಯಲ್ಲಿರುವ ದಿನಗಳಲ್ಲಿ 145.990 ಮೆಗಾಹರ್ಟ್ಸ್‌ನಲ್ಲಿ, 67 ಹರ್ಟ್ಸ್ ಟೋನಿನ (ಮಾತಿನ ಅಡಿಯಲ್ಲಿ ಹರಿಯುವ ಮಂದ್ರ ಸ್ವರದ) ಜೊತೆ ನಾವು ಮಾತಾಡಿದರೆ, 437.800ರಲ್ಲಿ ಆ ಮಾತು ಕೆಳಗೆ ಬರುತ್ತದೆ. ನಿಲ್ದಾಣ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸಾಗುತ್ತಿರುವುದರಿಂದ ಡಾಪ್ಲರ್ ಪರಿಣಾಮ (ಚಲಿಸುವ ಮೂಲದ ಫ್ರೀಕ್ವೆನ್ಸಿ ಏರಿಳಿದಂತೆ ಕಾಣುವುದು) ಇಲ್ಲಿ ಪಾಠಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ನಿಲ್ದಾಣ ದಿಗಂತದಲ್ಲಿ ಮೂಡುವಾಗ 437.810ರಲ್ಲಿ ಕೇಳಿಸುವ ಧ್ವನಿ, ಮುಳುಗುವ ಹೊತ್ತಿಗೆ 437.790ಕ್ಕೆ ಇಳಿದಿರುತ್ತದೆ. ಆದ್ದರಿಂದ ಐದು ಕಿಲೋಹರ್ಟ್ಸ್ ಅಂತರದ ಐದು ಚಾನೆಲ್‌ಗಳನ್ನು ಮೊದಲೇ ನೆನಪಿಗೆ ತುಂಬಿಸಿಟ್ಟುಕೊಂಡು, ಹತ್ತು ನಿಮಿಷದೊಳಗೆ ಮುಗಿದುಹೋಗುವ ಆ ಅವಕಾಶದಲ್ಲಿ ಒಂದೊಂದಾಗಿ ಕೆಳಗಿಳಿಯುತ್ತ ಹೋಗಬೇಕು. ಸೆಟ್ಟಿನ ಜೊತೆ ಬರುವ ರಬ್ಬರ್ ಆಂಟೆನಾದಲ್ಲಿ ಕೇಳಿಸಿಕೊಳ್ಳಬಹುದು. ಮಾತಾಡಬೇಕೆಂದರೆ ಒಂದೇ ದಿಕ್ಕಿಗೆ ಗುರಿಯಿಡುವ, ಕೈಯಲ್ಲಿ ಹಿಡಿಯುವ ಚಿಕ್ಕ ಯಾಗಿ ಆಂಟೆನಾ ಇದ್ದರೆ ವಾಸಿ.

ಈ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಆದ ನಂಟಿದೆ. 2025ರ ಜುಲೈ 4ರಂದು ಭಾರತೀಯ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಿಂದ ಹ್ಯಾಮ್ ರೇಡಿಯೊ ಮೂಲಕ, ಇಲ್ಲಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದರು. ಅದಕ್ಕೆ ಎರಡು ದಶಕಗಳ ಹಿಂದೆಯೇ, 2005ರ ಮೇ 5ರಂದು, ಇಸ್ರೊ ತನ್ನ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹ್ಯಾಮ್‌ಸ್ಯಾಟ್ ಎಂಬ, ಹವ್ಯಾಸಿಗಳಿಗಾಗಿಯೇ ರೂಪಿಸಿದ ಉಪಗ್ರಹವನ್ನು ಹಾರಿಸಿತ್ತು. ಅದು 2014ರ ಜುಲೈವರೆಗೆ ಕೆಲಸ ಮಾಡಿತು. ಆದರೆ ಅದರ ಟ್ರಾನ್ಸ್‌ಪಾಂಡರು (ಸಿಗ್ನಲನ್ನು ಹಿಡಿದು ಮರಳಿ ಕಳಿಸುವ ಭಾಗ) ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ಧ್ವನಿ ಪ್ರಸಾರ ಮತ್ತು ಮೋರ್ಸ್ ಸಂಕೇತಗಳಿಗಾಗಿ ಮಾಡಿದ್ದು. ಎಫ್ಎಂ ಮಾತ್ರ ಬಲ್ಲ ಸಾಮಾನ್ಯ ಹ್ಯಾಂಡಿ ಸೆಟ್ಟಿನವರು ಅದರ ಮೂಲಕ ಮಾತಾಡುವಂತಿರಲಿಲ್ಲ.

ಈಗ ಶಕ್ತಿಯ ವಿಚಾರ. 'ಎಂಟು ವ್ಯಾಟಿನ ಸೆಟ್ಟು ಬಂದಿದೆಯಂತೆ, ಹತ್ತು ವ್ಯಾಟಿನದೂ ಇದೆಯಂತೆ, ಅದನ್ನೇ ಕೊಳ್ಳಲೇ?' ಎಂದು ಸಭಿಕರೊಬ್ಬರು ಕೇಳಿದರು. ಐದನ್ನು ಹತ್ತಕ್ಕೇರಿಸಿದರೆ ಸಿಗುವ ಲಾಭ ಮೂರು ಡೆಸಿಬೆಲ್ (ಸಿಗ್ನಲಿನ ಬಲವನ್ನು ಹೋಲಿಸುವ ಅಳತೆ). ಗ್ರಾಹಕದ ಮಾಪಕದಲ್ಲಿ ಒಂದು ಎಸ್-ಯೂನಿಟ್ ಎಂದರೆ ಆರು ಡೆಸಿಬೆಲ್, ಅಂದರೆ ಮುಳ್ಳು ಒಂದು ಮನೆ ಮುಂದೆ ಸರಿಯಲು ಶಕ್ತಿ ನಾಲ್ಕು ಪಟ್ಟಾಗಬೇಕು. ಐದರಿಂದ ಎಂಟಕ್ಕೆ ಹೋದರೆ ಎರಡು ಡೆಸಿಬೆಲ್ ಮಾತ್ರ; ಕೇಳುವವನಿಗೆ ವ್ಯತ್ಯಾಸವೇ ತಿಳಿಯದಿರಬಹುದು. ಆದರೆ ಬ್ಯಾಟರಿ ಬೇಗ ಬರಿದಾಗುವುದು, ಕೈಯಲ್ಲಿ ಸೆಟ್ಟು ಬಿಸಿಯಾಗುವುದು ಚೆನ್ನಾಗಿಯೇ ತಿಳಿಯುತ್ತದೆ. ಇಂಥ ಸೆಟ್ಟಿಗೆ ಕೊಡುವ ಹೆಚ್ಚುವರಿ ಹಣವನ್ನು ಆಂಟೆನಾಕ್ಕೆ ಹಾಕುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಆಂಟೆನಾದ ಬಗ್ಗೆ ತುಸು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಇಡೀ ಸೆಟ್ಟಿನಲ್ಲಿ ನಾವು ಕೈಯಾರೆ ಸುಧಾರಿಸಬಹುದಾದ ಭಾಗ ಅದೊಂದೇ. 145 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಉದ್ದ ಸುಮಾರು ಐವತ್ತು ಸೆಂಟಿಮೀಟರ್, 435ರಲ್ಲಿ ಹದಿನೇಳು. ಸೆಟ್ಟಿನ ಜೊತೆ ಬರುವ ರಬ್ಬರ್ ಆಂಟೆನಾ ಹದಿನೈದು ಸೆಂಟಿಮೀಟರ್ ಆಸುಪಾಸಿನದು. ಅದರೊಳಗೆ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ, ಉದ್ದವನ್ನು ಮೋಸದಿಂದ ತುಂಬಿಸಿರುತ್ತಾರೆ. ಮೇಲಿನ ಬ್ಯಾಂಡಿನಲ್ಲಿ ಅದರ ಕೆಲಸ ಪರವಾಗಿಲ್ಲ. ಟೂ ಮೀಟರಿನಲ್ಲಿ ಮಾತ್ರ ಅದು ಸೆಟ್ಟು ಕೊಟ್ಟ ಶಕ್ತಿಯ ಬಹುಪಾಲನ್ನು ವ್ಯರ್ಥ ಮಾಡುತ್ತದೆ. ಅದರ ಜಾಗದಲ್ಲಿ ನಲವತ್ತು, ಐವತ್ತು ಸೆಂಟಿಮೀಟರಿನ ಬಳುಕುವ ಕಡ್ಡಿಯಾಕಾರದ ಆಂಟೆನಾ ಹಾಕಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಹೊಸಬರು ಗಮನಿಸದ ಇನ್ನೊಂದು ಸಂಗತಿಯಿದೆ. ಆಂಟೆನಾ ಎಂಬುದಕ್ಕೆ ಎರಡು ಪಕ್ಕಗಳಿರಬೇಕು. ಕಡ್ಡಿ ಒಂದು ಪಕ್ಕವಾದರೆ ಇನ್ನೊಂದು ಪಕ್ಕ ಸೆಟ್ಟಿನ ಚೌಕಟ್ಟು ಮತ್ತು ಅದನ್ನು ಹಿಡಿದ ನಿಮ್ಮ ಕೈ. ಸೆಟ್ಟಿನ ಚೌಕಟ್ಟು ಟೂ ಮೀಟರಿಗೆ ತೀರ ಗಿಡ್ಡ. ಆದ್ದರಿಂದ ಆಂಟೆನಾ ಸೇರುವ ಕನೆಕ್ಟರಿನ ಹೊರಸುತ್ತಿಗೆ ನಲವತ್ತೊಂಬತ್ತು ಸೆಂಟಿಮೀಟರಿನ ಮಾಮೂಲಿ ವೈರೊಂದನ್ನು ಬಿಗಿದು, ಬಾಲದಂತೆ ಕೆಳಗೆ ಇಳಿಬಿಟ್ಟರೆ ಸಿಗ್ನಲ್ ಗಮನಾರ್ಹವಾಗಿ ಸುಧಾರಿಸುತ್ತದೆ. ಹ್ಯಾಮ್‌ಗಳು ಇದನ್ನು 'ಟೈಗರ್ ಟೇಲ್' ಎನ್ನುತ್ತಾರೆ. ನೋಡಲು ಚೆಂದವಿಲ್ಲ, ಖರ್ಚೂ ಇಲ್ಲ. ಮನೆಯಲ್ಲಿ ಬಳಸುವುದಾದರೆ ಹಳೆಯ ಟಿವಿಗಳಿಗೆ ಬಳಸುತ್ತಿದ್ದ ಚಪ್ಪಟೆ ರಿಬ್ಬನ್ ಕೇಬಲ್ಲಿನಿಂದ ಜೆ-ಪೋಲ್ ಎಂಬ, ಇಂಗ್ಲಿಷಿನ ಜೆ ಅಕ್ಷರದ ಆಕಾರದ ಆಂಟೆನಾ ಮಾಡಿ ಕಿಟಕಿಯ ಮೇಲ್ಗಡೆ ನೇತುಹಾಕಬಹುದು, ಸುತ್ತಿಟ್ಟರೆ ಅದು ಚೀಲದ ಮೂಲೆಯಲ್ಲಿ ಹಿಡಿಸುತ್ತದೆ. ಮಹಡಿಯ ಮೇಲೆ ಹೊರಗಡೆ ಆಂಟೆನಾ ನಿಲ್ಲಿಸುವವರು ಕೇಬಲ್ಲಿನ ನಷ್ಟವನ್ನು ಮರೆಯಬಾರದು. ತೆಳುವಾದ ಆರ್‌ಜಿ-58 ಕೇಬಲ್ಲು ಹತ್ತು ಮೀಟರ್ ಉದ್ದಕ್ಕೆ 145 ಮೆಗಾಹರ್ಟ್ಸ್‌ನಲ್ಲೇ ಸುಮಾರು ಎರಡು ಡೆಸಿಬೆಲ್, ಅಂದರೆ ಶಕ್ತಿಯ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ತಿಂದುಹಾಕುತ್ತದೆ. ಮೇಲಿನ ಬ್ಯಾಂಡಿನಲ್ಲಿ ನಷ್ಟ ಇನ್ನೂ ಜಾಸ್ತಿ.

ಬಳಕೆಯ ರೀತಿಯೂ ಆಂಟೆನಾದ ಭಾಗವೇ. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ, ವೈರಿನ ಮೈಕಿನಲ್ಲಿ ಮಾತಾಡುವುದು ನೋಡಲು ಪೊಲೀಸರ ಗತ್ತಿನಂತೆ ಕಂಡರೂ, ನೀರು ತುಂಬಿದ ನಮ್ಮ ದೇಹ ಪಕ್ಕದಲ್ಲೇ ಇರುವ ಆಂಟೆನಾದ ಶಕ್ತಿಯನ್ನು ಹೀರಿಬಿಡುತ್ತದೆ. ಸೆಟ್ಟನ್ನು ಮುಖದಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ಆಂಟೆನಾ ನೆಟ್ಟಗಿರುವಂತೆ ಹಿಡಿಯಬೇಕು. ಎದುರಿನವರ ಆಂಟೆನಾ ನೆಟ್ಟಗಿದ್ದು ನಮ್ಮದು ಅಡ್ಡಲಾದರೆ ಧ್ರುವೀಕರಣ (ತರಂಗ ಕಂಪಿಸುವ ದಿಕ್ಕು) ಹೊಂದದೆ ಸಿಗ್ನಲ್ ಬಹಳ ಕುಗ್ಗುತ್ತದೆ. ಕಾರಿನೊಳಗೆ ಕುಳಿತು ಮಾತಾಡುವವರು ತಾವು ತಗಡಿನ ಪೆಟ್ಟಿಗೆಯೊಳಗಿದ್ದೇವೆ ಎಂಬುದನ್ನು ನೆನಪಿಡಬೇಕು. ಛಾವಣಿಗೆ ಅಂಟುವ ಅಯಸ್ಕಾಂತದ ಬುಡದ ಆಂಟೆನಾ ಇದಕ್ಕೆ ಪರಿಹಾರ.

ಇಷ್ಟೆಲ್ಲ ಮಾಡಿದ ಮೇಲೂ ನಗರದ ಒಬ್ಬ ಸಾಮಾನ್ಯ ಹ್ಯಾಮ್ ದಿನನಿತ್ಯ ಊರಿನ ಇನ್ನೊಂದು ತುದಿಯವರ ಜೊತೆ ಮಾತಾಡುವುದು ರಿಪೀಟರಿನ ದೆಸೆಯಿಂದ. ಎತ್ತರದ ಕಟ್ಟಡದ ಮೇಲೋ ಬೆಟ್ಟದ ಮೇಲೋ ನಿಂತಿರುವ ರಿಪೀಟರ್, ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಹೆಚ್ಚಿನ ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಟೂ ಮೀಟರಿನಲ್ಲಿ ಈ ಎರಡರ ಅಂತರ ವಾಡಿಕೆಯಾಗಿ 600 ಕಿಲೋಹರ್ಟ್ಸ್. ಹತ್ತಾರು ವ್ಯಾಟ್ ಕಳಿಸುತ್ತಿರುವ ಪ್ರೇಷಕದ ಮಗ್ಗುಲಲ್ಲೇ, ಅದೇ ಆಂಟೆನಾದಲ್ಲಿ, ಒಂದು ಮೈಕ್ರೊವೋಲ್ಟಿಗೂ ಕಡಿಮೆಯ ಸಿಗ್ನಲನ್ನು ಗ್ರಾಹಕ ಕೇಳಿಸಿಕೊಳ್ಳಬೇಕು. ಇವೆರಡನ್ನು ಬೇರ್ಪಡಿಸುವ ಡುಪ್ಲೆಕ್ಸರ್ ಎಂಬ ಲೋಹದ ಡಬ್ಬಗಳ ಜೋಡಣೆ ಬಹಳ ಸೂಕ್ಷ್ಮವಾದದ್ದು, ದುಬಾರಿಯೂ ಹೌದು. ಸಿಡಿಲು, ಬ್ಯಾಟರಿ, ವಿದ್ಯುತ್ ಬಿಲ್ಲು, ಕಟ್ಟಡದ ಮಾಲೀಕರ ಅನುಮತಿ, ಇವನ್ನೆಲ್ಲ ಕ್ಲಬ್ಬಿನ ಕೆಲವು ಮಂದಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಿರುತ್ತಾರೆ. ಅಗ್ಗದ ಸೆಟ್ಟು ಕೊಂಡು 'ನಲವತ್ತು ಕಿಲೋಮೀಟರ್ ಹೋಯಿತು' ಎಂದು ಹಿಗ್ಗುವವರು ಬಹುಪಾಲು ಈ ಜನರ ಶ್ರಮವನ್ನೇ ತಮ್ಮ ಸೆಟ್ಟಿನ ಗುಣವೆಂದು ತಿಳಿದಿರುತ್ತಾರೆ.

ರಿಪೀಟರಿಗಾಗಿ ಸೆಟ್ಟನ್ನು ಸಿದ್ಧಗೊಳಿಸುವಾಗ ಮೂರು ಸಂಗತಿಗಳು ಬೇಕು: ರಿಪೀಟರ್ ಪ್ರಸಾರ ಮಾಡುವ ಫ್ರೀಕ್ವೆನ್ಸಿ, ನಾವು ಮಾತಾಡುವಾಗ ಎಷ್ಟು ಮೇಲೆ ಅಥವಾ ಕೆಳಗೆ ಸರಿಯಬೇಕೆಂಬ ಅಂತರ, ಮತ್ತು ಟೋನು. ಟೋನು ಎಂದರೆ ಮಾತಿನ ಅಡಿಯಲ್ಲಿ ಸದಾ ಹರಿಯುವ, ಕಿವಿಗೆ ಬೀಳದಂತೆ ಸೋಸಿಬಿಡುವ, ಮಂದ್ರ ಸ್ವರ. 67 ಹರ್ಟ್ಸ್‌ನಿಂದ 254.1 ಹರ್ಟ್ಸ್‌ವರೆಗೆ ನಿಗದಿಯಾದ ಸ್ವರಗಳಿವೆ. ಸರಿಯಾದ ಟೋನು ಇಲ್ಲದ ಸಿಗ್ನಲ್ಲಿಗೆ ರಿಪೀಟರ್ ಕಿವಿಗೊಡುವುದಿಲ್ಲ. ಕೆಲವು ಸೆಟ್ಟುಗಳ ಕೈಪಿಡಿಯಲ್ಲಿ ಇದನ್ನು ಗೌಪ್ಯತೆಯ ಸಾಧನವೆಂದು ಬರೆದಿರುತ್ತಾರೆ, ಅದು ತಪ್ಪು. ಟೋನು ಹಾಕಿದ ಮಾತನ್ನು ಯಾರು ಬೇಕಾದರೂ ಕೇಳಬಹುದು. ಗುಂಡಿ ಒತ್ತಿ ಒತ್ತಿ ಈ ವಿವರಗಳನ್ನು ತುಂಬುವುದು ಅಗ್ಗದ ಸೆಟ್ಟುಗಳಲ್ಲಿ ತಾಳ್ಮೆಗೆಡಿಸುವ ಕೆಲಸ. ಕೇಬಲ್ಲು ಜೋಡಿಸಿ, ಚರ್ಪ್ ಎಂಬ ಉಚಿತ ತಂತ್ರಾಂಶದ ಮೂಲಕ ಕಂಪ್ಯೂಟರಿನಿಂದ ತುಂಬಿಸಿದರೆ ಒಂದು ಸಂಜೆಯೊಳಗೆ ಮುಗಿಯುತ್ತದೆ.

ರಿಪೀಟರಿನ ಮೇಲೆ ನಡೆದುಕೊಳ್ಳುವ ಕ್ರಮ ಕೇಳುವುದರಿಂದ ಶುರುವಾಗುತ್ತದೆ. ಮೊದಲು ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಂಡು, ಬಿಡುವಿದ್ದರೆ ನಮ್ಮ ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತಿನ ಹೆಸರು) ಹೇಳಬೇಕು. ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ, ಏಕೆಂದರೆ ರಿಪೀಟರ್ ಟೋನನ್ನು ಗುರುತಿಸಿ ಎಚ್ಚರಗೊಳ್ಳಲು ಅರ್ಧ ಸೆಕೆಂಡು ಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವ ಮೊದಲು ಒಂದೆರಡು ಸೆಕೆಂಡು ಬಿಡುವು ಕೊಡುವುದು ಕಡ್ಡಾಯ ಎನ್ನುವಷ್ಟು ಮುಖ್ಯ. ತುರ್ತು ಸಂದೇಶವಿರುವವರು ಆ ಬಿಡುವಿನಲ್ಲಿ 'ಬ್ರೇಕ್' ಎಂದು ನುಗ್ಗಬಹುದು. ಎಫ್ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುವುದರಿಂದ, ಬಿಡುವಿಲ್ಲದೆ ಮಾತಾಡುವವರಿಗೆ ತಾವು ಯಾರನ್ನೋ ಮುಚ್ಚಿಹಾಕಿದ್ದು ತಿಳಿಯುವುದೇ ಇಲ್ಲ. ಕಾಲ್‌ಸೈನ್ ಹೇಳದೆ ಸುಮ್ಮನೆ ಪಿಟಿಟಿ ಒತ್ತಿ ರಿಪೀಟರ್ ಎದ್ದಿತೇ ಎಂದು ನೋಡುವ ಚಟ ಹೊಸಬರಲ್ಲಿ ಬಹಳ. ಅದು ನಿಯಮಕ್ಕೂ ವಿರುದ್ಧ, ಕೇಳುವವರಿಗೂ ಕಿರಿಕಿರಿ.

ನಿಯಮದ ಮಾತು ಬಂದದ್ದರಿಂದ ಪರವಾನಗಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಈ ಸೆಟ್ಟನ್ನು ಬಳಸುವುದಿರಲಿ, ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೂ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಅಪರಾಧವೆಂದೇ ಪರಿಗಣಿತವಾಗಿದೆ. ಹವ್ಯಾಸಿ ಪರವಾನಗಿಯನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಶನ್) ವಿಭಾಗ ಪರೀಕ್ಷೆ ನಡೆಸಿ ಕೊಡುತ್ತದೆ. 1978ರ ಹವ್ಯಾಸಿ ಸೇವಾ ನಿಯಮಗಳು ಇದರ ಬುಡ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಸರಳ ವಿದ್ಯುತ್ ಮತ್ತು ರೇಡಿಯೊ ಸಿದ್ಧಾಂತ, ನಿಯಮಾವಳಿ ತಿಳಿದಿದ್ದರೆ ಸಾಕು. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಕೂಡ ಬರಬೇಕು. ತೇರ್ಗಡೆಯಾದವರಿಗೆ ವಿಯು3 ಅಥವಾ ವಿಯು2 ಎಂದು ಶುರುವಾಗುವ ಕಾಲ್‌ಸೈನ್ ಸಿಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ಪರೀಕ್ಷೆಗೆ ತರಬೇತಿ ಕೊಡುತ್ತ ಬಂದಿವೆ. ಪರವಾನಗಿ ಬಂದ ಮೇಲೂ ವ್ಯಾಪಾರದ ಮಾತು, ಹಾಡಿನ ಪ್ರಸಾರ, ಗೂಢಲಿಪಿಯ ಸಂದೇಶ ಇವಕ್ಕೆ ಅವಕಾಶವಿಲ್ಲ. ತೋಟದ ಕೆಲಸಗಾರರಿಗೆ ಸೂಚನೆ ಕೊಡಲು ಈ ಸೆಟ್ಟು ಬಳಸಬಹುದೇ ಎಂದು ಒಬ್ಬ ಕಾಫಿ ಬೆಳೆಗಾರರು ಕೇಳಿದರು. ಬಳಸುವಂತಿಲ್ಲ, ಅದಕ್ಕೆ ಬೇರೆ ಬಗೆಯ ಪರವಾನಗಿಯೇ ಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಯುವಿ-5ಆರ್ ಜಾತಿಯ ಸೆಟ್ಟುಗಳು ಹವ್ಯಾಸಿ ಬ್ಯಾಂಡಿಗೆ ಸೀಮಿತವಾಗಿಲ್ಲ. 136ರಿಂದ 174 ಮೆಗಾಹರ್ಟ್ಸ್‌ವರೆಗೆ, 400ರ ಮೇಲೂ ಬಹುದೂರದವರೆಗೆ ಎಲ್ಲೆಂದರಲ್ಲಿ ಪ್ರಸಾರ ಮಾಡಬಲ್ಲವು. ಆ ಹರವಿನಲ್ಲಿ ಸರ್ಕಾರಿ ಮತ್ತು ತುರ್ತು ಸೇವೆಗಳಿವೆ. ಕರಾವಳಿಯ ದೋಣಿಗಳು ಆಪತ್ತಿನಲ್ಲಿ ಕೂಗುವ 156.8 ಮೆಗಾಹರ್ಟ್ಸ್‌ನ ಹದಿನಾರನೇ ಚಾನೆಲ್ಲೂ ಅಲ್ಲೇ ಇದೆ. ಮಗುವೊಂದು ಆಟಕ್ಕೆ ಗುಂಡಿ ಒತ್ತಿದರೂ ಅಲ್ಲಿ ಗೊಂದಲವಾಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಸೆಟ್ಟುಗಳು ಆಟಿಕೆಯಂತೆ ಮಾರಾಟವಾಗುತ್ತಿದ್ದುದನ್ನು ಕಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ವಾಕಿಟಾಕಿಗಳ ಅಕ್ರಮ ಮಾರಾಟ ತಡೆಯುವ ಮಾರ್ಗಸೂಚಿ ಹೊರಡಿಸಿತು. ಸೆಟ್ಟು ಕೊಂಡು ಆಮೇಲೆ ಪರವಾನಗಿ ನೋಡೋಣ ಎನ್ನುವ ಕ್ರಮ ತಲೆಕೆಳಗು.

ಯಾವ ಸೆಟ್ಟು ಕೊಳ್ಳಬೇಕು? ಅಗ್ಗದ ಸೆಟ್ಟನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಕಲಿಯಲು ಅದು ಸಾಕು, ಬಿದ್ದು ಒಡೆದರೂ ಎದೆ ಒಡೆಯುವುದಿಲ್ಲ. ಆದರೆ ಅದರ ಮಿತಿಗಳು ನಿಜವಾದವು. ಒಂದೇ ಚಿಪ್ಪಿನ ಗ್ರಾಹಕ ಹಳ್ಳಿಯ ಮೌನದಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಆದರೆ ನಗರದ ಪ್ರಸಾರ ಗೋಪುರಗಳ ನಡುವೆ ಕಿವುಡಾಗುತ್ತದೆ. ಮಹಡಿಯ ದೊಡ್ಡ ಆಂಟೆನಾಕ್ಕೆ ಜೋಡಿಸಿದರೆ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಬೇಡದ ಸಿಗ್ನಲ್‌ಗಳೂ ಬಲವಾಗಿ ಒಳನುಗ್ಗುತ್ತವೆ. ಕೆಲವು ಅಗ್ಗದ ಸೆಟ್ಟುಗಳ ಪ್ರೇಷಕಗಳು 145ರಲ್ಲಿ ಮಾತಾಡುವಾಗ ಅದರ ದುಪ್ಪಟ್ಟಾದ 290 ಮೆಗಾಹರ್ಟ್ಸ್‌ನಲ್ಲೂ ಸಾಕಷ್ಟು ಕಲ್ಮಶ ಕಾರುತ್ತವೆ. ದುಬಾರಿ ಸೆಟ್ಟಿನಲ್ಲಿ ನಾವು ಹಣ ಕೊಡುವುದು ಒಳ್ಳೆಯ ಸೋಸುಗಗಳಿಗೆ, ಸ್ಪಷ್ಟ ಧ್ವನಿಗೆ, ಮಳೆ ತಡೆಯುವ ಕವಚಕ್ಕೆ ಮತ್ತು ಹತ್ತು ವರ್ಷ ಕಳೆದರೂ ಸಡಿಲವಾಗದ ಗುಂಡಿಗಳಿಗೆ. ಪಶ್ಚಿಮ ಘಟ್ಟದ ಮಳೆಯಲ್ಲಿ ತಿರುಗುವವರಿಗೆ ಜಲನಿರೋಧಕ ಕವಚ ಒಂದಿದ್ದರೂ ಆ ಹಣ ಸಾರ್ಥಕ. ಆಂಟೆನಾ ಕೊಳ್ಳುವಾಗ ಒಂದು ಎಚ್ಚರ ಬೇಕು: ಜಪಾನಿ ಸೆಟ್ಟುಗಳಲ್ಲಿ ಆಂಟೆನಾ ತಿರುಗಿಸಿ ಕೂರಿಸುವ ಎಸ್‌ಎಂಎ ಕನೆಕ್ಟರಿನ ನಡುವೆ ಸಾಮಾನ್ಯವಾಗಿ ತೂತಿರುತ್ತದೆ, ಚೀನಾದ ಹಲವು ಸೆಟ್ಟುಗಳಲ್ಲಿ ಮೊಳೆ ಇರುತ್ತದೆ. ನೋಡದೆ ತರಿಸಿದರೆ ಆಂಟೆನಾ ಕೂರುವುದೇ ಇಲ್ಲ. ಹಳೆಯ ಸೆಟ್ಟು ಕೊಳ್ಳುವವರು ಈ ಕನೆಕ್ಟರು ಅಲುಗಾಡುತ್ತದೆಯೇ ಎಂಬುದನ್ನೂ, ಬ್ಯಾಟರಿ ಉಬ್ಬಿದೆಯೇ ಎಂಬುದನ್ನೂ ಮೊದಲು ಪರೀಕ್ಷಿಸಬೇಕು.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೇಳುತ್ತಿರುವಾಗ ಸೆಟ್ಟು ಅಷ್ಟಾಗಿ ವಿದ್ಯುತ್ತು ಬಳಸುವುದಿಲ್ಲ. ಪೂರ್ಣ ಶಕ್ತಿಯಲ್ಲಿ ಮಾತಾಡುವಾಗ ಒಂದು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಆದ್ದರಿಂದ ರಿಪೀಟರ್ ಹತ್ತಿರವಿದ್ದರೆ ಒಂದು ವ್ಯಾಟಿಗೆ ಇಳಿಸಿಕೊಳ್ಳಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಲಿಥಿಯಂ ಬ್ಯಾಟರಿ ಬಿಡಬಾರದು, ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜು ಮಾಡಿ ತಂಪಾದ ಜಾಗದಲ್ಲಿಡಬೇಕು.

ವಿಕೋಪದ ಸಮಯದಲ್ಲಿ ಈ ಸೆಟ್ಟು ಜೀವ ಉಳಿಸುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದಕ್ಕೆ ಉದಾಹರಣೆಯಾಗಿ 2004ರ ಸುನಾಮಿಯನ್ನು ಹೇಳುತ್ತಾರೆ. ಆ ಡಿಸೆಂಬರಿನಲ್ಲಿ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ತಂಡ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿತ್ತು. ಸಂಪರ್ಕ ಕಡಿದುಹೋದ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಆದರೆ ಅವರು ಅಂಡಮಾನಿನಿಂದ ಮುಖ್ಯ ಭೂಮಿಯನ್ನು ತಲುಪಿದ್ದು ಶಾರ್ಟ್‌ವೇವ್ ಕೇಂದ್ರದಿಂದ, ಉದ್ದನೆಯ ಆಂಟೆನಾಗಳಿಂದ. ಅಂಥ ಕೆಲಸ ಹ್ಯಾಂಡಿ ಸೆಟ್ಟಿನಿಂದ ಆಗದು. ಪರಿಹಾರ ಶಿಬಿರಕ್ಕೂ ಆಸ್ಪತ್ರೆಗೂ ನಡುವೆ, ಶೋಧಕ್ಕೆ ಹೋದ ತಂಡಕ್ಕೂ ಬುಡದಲ್ಲಿ ಕಾಯುವವರಿಗೂ ನಡುವೆ ಅದು ಬಲು ಉಪಯುಕ್ತ. ಅದೂ, ಗಾಳಿಮಳೆಗೆ ರಿಪೀಟರಿನ ವಿದ್ಯುತ್ತು ಹೋಗಿರಬಹುದು ಎಂದು ಮೊದಲೇ ಯೋಚಿಸಿ, ರಿಪೀಟರ್ ಇಲ್ಲದೆ ನೇರವಾಗಿ ಮಾತಾಡುವ ಫ್ರೀಕ್ವೆನ್ಸಿಯೊಂದನ್ನು ಎಲ್ಲರೂ ಒಪ್ಪಿಕೊಂಡಿದ್ದರೆ ಮಾತ್ರ. ಎಲ್ಲಿಂದ ಎಲ್ಲಿಗೆ ನೇರವಾಗಿ ಕೇಳಿಸುತ್ತದೆ ಎಂಬುದನ್ನು ಬಿಡುವಿನ ದಿನಗಳಲ್ಲಿ ನಡೆದಾಡಿ ಬರೆದಿಟ್ಟುಕೊಳ್ಳುವ ಅಭ್ಯಾಸ ಪ್ರತಿ ಕ್ಲಬ್ಬಿಗೂ ಇರಬೇಕು.

ಕೊನೆಯದಾಗಿ ಚಾರಣಿಗರೊಬ್ಬರ ಪ್ರಶ್ನೆ: ಗುಂಪಿನಲ್ಲಿ ಒಬ್ಬರಿಗೆ ಹ್ಯಾಮ್ ಪರವಾನಗಿ ಇದ್ದರೆ ಉಳಿದವರಿಗೂ ಸೆಟ್ಟು ಹಂಚಬಹುದೇ? ಹಂಚುವಂತಿಲ್ಲ. ಪರವಾನಗಿ ವ್ಯಕ್ತಿಗೆ ಸೇರಿದ್ದು, ಎರಡೂ ತುದಿಯಲ್ಲಿ ಕಾಲ್‌ಸೈನ್ ಇರುವವರೇ ಇರಬೇಕು. ಪರವಾನಗಿ ಇಲ್ಲದ ಗುಂಪಿಗೆ ದಾರಿಯೇ ಇಲ್ಲವೆಂದಲ್ಲ, 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ, ಅನುಮೋದಿತ ವಾಕಿಟಾಕಿಗಳಿಗಾಗಿ 2018ರ ನಿಯಮಗಳು ಪರವಾನಗಿಯಿಂದ ಮುಕ್ತಗೊಳಿಸಿವೆ. ಹ್ಯಾಮ್ ಸೆಟ್ಟನ್ನೇ ಆ ಫ್ರೀಕ್ವೆನ್ಸಿಗೆ ತಿರುಗಿಸಿ ಬಳಸುವುದು ಅದಕ್ಕೆ ಸಮನಲ್ಲ. ಆ ಪಟ್ಟಿಗೆಂದೇ ಅನುಮೋದನೆ ಪಡೆದ ಸೆಟ್ಟು ಬೇಕು, ಕೊಳ್ಳುವಾಗ ಅನುಮೋದನೆಯ ಪ್ರಮಾಣಪತ್ರದ ವಿವರವನ್ನು ಮಾರಾಟಗಾರರಲ್ಲಿ ಕೇಳಿ ಪಡೆಯಬೇಕು. ಅದು ಎಷ್ಟು ದೂರ ಹೋಗುತ್ತದೆ ಎಂದು ಅವರು ತಕ್ಷಣ ಕೇಳಿದರು. ಯಾವ ಬೆಟ್ಟಕ್ಕೆ ಹೋಗುತ್ತೀರಿ, ಗುಂಪು ದಿಣ್ಣೆಯ ಒಂದೇ ಬದಿಯಲ್ಲಿ ಇರುತ್ತದೆಯೇ ಎಂದು ನಾನು ಕೇಳಬೇಕಾಯಿತು.